ಡೆನ್ಮಾರ್ಕಿನ ತೆರೆದ ಲೆಕ್ಕದ ಪುಸ್ತಕ

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಲೇಖನ ರೂಪ)



ಕೊಳವೆ ಬಾವಿ ಕೊರೆಸಲು ಹೊರಟ ರೈತನಿಗೆ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಒಂದು ಸಂಗತಿ. ತನ್ನ ಜಮೀನಿನ ಆಸುಪಾಸಿನಲ್ಲಿ ಇದಕ್ಕೆ ಮುಂಚೆ ಕೊರೆಸಿದವರಿಗೆ ಎಷ್ಟು ಅಡಿಗೆ ನೀರು ದೊರಕಿತು, ಎಷ್ಟು ಮಂದಿಗೆ ದೊರಕಲೇ ಇಲ್ಲ ಎಂಬುದು. ಈ ಸಂಗತಿ ಯಾರಿಗೂ ಗೊತ್ತಿಲ್ಲವೆಂದಲ್ಲ. ಕೊರೆಯುವ ಗಾಡಿಯವನಿಗೆ ಗೊತ್ತಿದೆ, ಸಾಲ ಕೊಟ್ಟ ಬ್ಯಾಂಕಿನ ಕಡತದಲ್ಲಿ ಒಂದಿಷ್ಟು ಇದೆ, ವಿದ್ಯುತ್ ಕಚೇರಿಯಲ್ಲಿ ಪಂಪಿನ ಅಶ್ವಶಕ್ತಿ ದಾಖಲಾಗಿದೆ, ಪಕ್ಕದ ಹೊಲದವರ ನೆನಪಿನಲ್ಲಿ ಉಳಿದದ್ದು ಉಳಿದಿದೆ. ಹೀಗೆ ಚೂರು ಚೂರಾಗಿ ನಾಲ್ಕು ಕಡೆ ಹಂಚಿಹೋದ ತಿಳಿವಳಿಕೆ ಬೇಕಾದ ದಿನ ಬೇಕಾದವನ ಕೈಗೆ ಬರುವುದಿಲ್ಲ. ಆದುದರಿಂದ ಆತ ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು ನಡೆಯುವವರನ್ನು ಕರೆಯುತ್ತಾನೆ. ಆತನನ್ನು ಮೂಢನೆಂದು ಹಂಗಿಸುವ ಮುನ್ನ, ಅದಕ್ಕಿಂತ ಉತ್ತಮವಾದ ಏನನ್ನು ಆತನ ಕೈಗೆ ಕೊಡಲಾಗಿದೆ ಎಂದು ಕೇಳಿಕೊಳ್ಳುವುದು ನ್ಯಾಯ.

ಈ ಚೂರುಗಳನ್ನು ಒಂದೆಡೆ ಸೇರಿಸಿ, ದೇಶದ ಯಾವುದೇ ಪ್ರಜೆಗೂ ಬಿಟ್ಟಿಯಾಗಿ ತೆರೆದಿಟ್ಟ ಪುಟ್ಟ ದೇಶವೊಂದರ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ. ಆ ದೇಶ ಡೆನ್ಮಾರ್ಕ್. ಅದರ ಮುಖ್ಯ ಭೂಭಾಗದ ವಿಸ್ತೀರ್ಣ ಸುಮಾರು 43,000 ಚದರ ಕಿಲೋಮೀಟರು, ಎಂದರೆ ಕರ್ನಾಟಕದ ಕಾಲು ಭಾಗಕ್ಕಿಂತಲೂ ಕಡಿಮೆ. ಜನಸಂಖ್ಯೆ ಸುಮಾರು 60 ಲಕ್ಷ. ನೆಲದ ನೂರಕ್ಕೆ 60ಕ್ಕೂ ಹೆಚ್ಚು ಪಾಲು ಸಾಗುವಳಿಯಲ್ಲಿದೆ. ಗೋಧಿ, ಬಾರ್ಲಿ, ಹುಲ್ಲು ಮುಖ್ಯ ಬೆಳೆಗಳು. ಹಾಲು ಮತ್ತು ಹಂದಿಮಾಂಸ ಮುಖ್ಯ ಉತ್ಪನ್ನಗಳು.

ಮುಕ್ತ ದತ್ತಾಂಶ ಎಂದರೇನು?

ಸಾರ್ವಜನಿಕರ ಹಣದಿಂದ ಸರ್ಕಾರವು ಕಲೆಹಾಕಿದ ಅಂಕಿ-ಅಂಶ, ನಕ್ಷೆ, ದಾಖಲೆಗಳನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಪಡೆದು, ತಮಗೆ ಬೇಕಾದಂತೆ ಬಳಸಿಕೊಳ್ಳಲು ಬಿಡುವುದಕ್ಕೆ ಮುಕ್ತ ದತ್ತಾಂಶ ಎಂದು ಹೆಸರು. ಇದರಲ್ಲಿ ಎರಡು ಷರತ್ತುಗಳಿವೆ. ಒಂದು, ಬಳಸಲು ಪ್ರತಿಬಾರಿಯೂ ಅಪ್ಪಣೆ ಬೇಡಬೇಕಾಗಿರಬಾರದು. ಎರಡು, ಗಣಕಯಂತ್ರವು ನೇರವಾಗಿ ಓದಿ ಲೆಕ್ಕ ಹಾಕುವಂತಿರಬೇಕು. ಕೋಷ್ಟಕದ ಪುಟವನ್ನು ಛಾಯಾಚಿತ್ರ ತೆಗೆದು ಜಾಲತಾಣದಲ್ಲಿ ಅಂಟಿಸಿದರೆ ಅದು ಪ್ರಕಟಣೆಯಾದೀತೇ ಹೊರತು ಮುಕ್ತ ದತ್ತಾಂಶವಾಗದು. ಬಾಗಿಲು ತೆರೆದು ಒಳಗಿನ ಕಣಜಕ್ಕೆ ಬೀಗ ಹಾಕಿದಂತೆ ಅದು.

ಇನ್ನೊಂದು ಮಾತನ್ನೂ ಮೊದಲಿಗೇ ಹೇಳಿಬಿಡಬೇಕು. ಇಲ್ಲಿ ಪ್ರಸ್ತಾಪಿಸುತ್ತಿರುವುದು ನೆಲ, ನೀರು, ಹವೆ, ರಸ್ತೆ, ವಿಳಾಸ ಮುಂತಾದವುಗಳ ವಿವರಗಳನ್ನು. ಒಬ್ಬ ವ್ಯಕ್ತಿಯ ರೋಗ, ಸಾಲ, ಕುಟುಂಬದ ವಿಷಯಗಳು ಈ ಲೆಕ್ಕಕ್ಕೆ ಸೇರತಕ್ಕವಲ್ಲ. ಎರಡರ ನಡುವಿನ ಬದು ಎಲ್ಲಿ ಹಾಕಬೇಕೆಂಬುದರಲ್ಲಿಯೇ ಡೆನ್ಮಾರ್ಕಿನ ರೈತರೂ ಸರ್ಕಾರವೂ ಬಹಳ ಜಗಳವಾಡಿದ್ದಾರೆ. ಅದು ಮುಂದೆ ಬರುತ್ತದೆ.

ಹಳೆಯ ಬೇರುಗಳು

ಡೇನರು ಗಣಕಯಂತ್ರ ಬಂದ ಮೇಲೆ ಲೆಕ್ಕ ಬರೆಯಲು ಕಲಿತವರಲ್ಲ. 1844ರಲ್ಲಿ ಅವರ ಭೂದಾಖಲೆ ಜಾರಿಗೆ ಬಂದಾಗ ದೇಶದ ಪ್ರತಿಯೊಂದು ತುಂಡು ನೆಲಕ್ಕೂ ಮಣ್ಣಿನ ಗುಣವನ್ನು ನೋಡಿ ಅಂಕ ಕೊಡಲಾಯಿತು. ಅತ್ಯುತ್ತಮ ಮಣ್ಣಿಗೆ 24 ಅಂಕ; ಉಳಿದದ್ದೆಲ್ಲ ಅದಕ್ಕಿಂತ ಕೆಳಗೆ. ಕಂದಾಯ ನಿಗದಿಯಾದದ್ದು ಈ ಅಂಕದ ಮೇಲೆ, ಮತ್ತು ಆ ಪದ್ಧತಿ 1903ರವರೆಗೂ ನಡೆಯಿತು. ಹಳೆಯ ಬೊಂಬಾಯಿ ಪದ್ಧತಿಯ ಸರ್ವೆಯಲ್ಲಿ ಮಣ್ಣನ್ನು ಆಣೆ ಲೆಕ್ಕದಲ್ಲಿ ವರ್ಗೀಕರಿಸಿದ್ದನ್ನು ಬಲ್ಲ ಹಿರಿಯ ರೈತರಿಗೆ ಇದು ಹೊಸದಾಗಿ ತೋರಲಾರದು. ಹದಿನಾರಾಣೆ ಜಮೀನು ಎಂಬ ಮಾತಿನ ಡೇನಿಷ್ ರೂಪವೆಂದರೆ ಇಪ್ಪತ್ತನಾಲ್ಕರ ಜಮೀನು.

ಸರ್ಕಾರದ ಲೆಕ್ಕಕ್ಕಿಂತ ಹೆಚ್ಚು ಮುಖ್ಯವಾದದ್ದು ರೈತರು ತಾವೇ ಬರೆದ ಲೆಕ್ಕ. 1882ರಲ್ಲಿ ಪಶ್ಚಿಮ ಜಟ್‌ಲ್ಯಾಂಡಿನ ಹೆಡಿಂಗ್ ಎಂಬ ಹಳ್ಳಿಯಲ್ಲಿ ಆ ದೇಶದ ಮೊದಲ ಸಹಕಾರಿ ಹಾಲಿನ ಡೇರಿ ಆರಂಭವಾಯಿತು. ಹಾಲನ್ನು ಒಂದೇ ಕಡೆ ಸುರಿದು ಬೆಣ್ಣೆ ತೆಗೆಯುವಾಗ ಯಾರ ಹಾಲಿನಲ್ಲಿ ಎಷ್ಟು ಕೊಬ್ಬಿದೆ ಎಂಬ ಪ್ರಶ್ನೆ ಏಳದೆ ಇರದು. 1895ರಲ್ಲಿ ವೈಯನ್ ಎಂಬಲ್ಲಿ ರೈತರು ಸೇರಿ ಹಾಲಿನ ಇಳುವರಿ ಪರೀಕ್ಷಾ ಸಂಘವನ್ನು ಕಟ್ಟಿಕೊಂಡರು. ಈ ಬಗೆಯ ಸಂಘಗಳಲ್ಲಿ ಇದು ಜಗತ್ತಿಗೇ ಮೊದಲನೆಯದು. ಸಂಘದ ಪರೀಕ್ಷಕನು ಸರದಿಯಂತೆ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗಿ ಹಸುವಾರು ಹಾಲಿನ ತೂಕ, ಕೊಬ್ಬಿನ ಅಂಶ, ತಿಂದ ಮೇವು ಇವುಗಳನ್ನು ಬರೆದಿಡುತ್ತಿದ್ದನು. ಮೇವು ತಿಂದು ಹಾಲು ಕೊಡದ ಹಸು ಯಾವುದೆಂದು ಪುಸ್ತಕ ಹೇಳತೊಡಗಿತು. ಹೋರಿಯ ಆಯ್ಕೆಯೂ ಅದರ ಮೈಬಣ್ಣ ನೋಡಿ ನಡೆಯುವುದು ಬಿಟ್ಟು ಅದರ ಹೆಣ್ಣುಕರುಗಳ ಹಾಲಿನ ಲೆಕ್ಕದ ಮೇಲೆ ನಡೆಯತೊಡಗಿತು.

ಆ ಲೆಕ್ಕದ ಫಲ ಕರ್ನಾಟಕಕ್ಕೂ ಬಂದಿದೆ. ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಕೇಂದ್ರವು ಆರಂಭವಾದದ್ದು ಡೆನ್ಮಾರ್ಕ್ ಸರ್ಕಾರದ ನೆರವಿನಿಂದ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿ ಆ ತಾರೀಖನ್ನು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಡುವ ಮನೆಗಳು ಈಗಲೂ ಇವೆ. ವೀರ್ಯ ಬಂದಷ್ಟು ಸುಲಭವಾಗಿ ಅದರ ಜೊತೆಗಿನ ಪುಸ್ತಕ ಬರಲಿಲ್ಲವೆಂದು ಒಪ್ಪಬೇಕಾಗುತ್ತದೆ.

ವಿಳಾಸದ ಪಟ್ಟಿಯಿಂದ ಆರಂಭ

ಮುಂದೆ 1968ರಲ್ಲಿ ಡೆನ್ಮಾರ್ಕ್ ಪ್ರತಿಯೊಬ್ಬ ನಿವಾಸಿಗೂ ಒಂದು ಸಂಖ್ಯೆ ಕೊಟ್ಟಿತು. 1977ರಲ್ಲಿ ಪ್ರತಿಯೊಂದು ಕಟ್ಟಡ ಹಾಗೂ ಮನೆಯ ನೋಂದಣಿ ಪುಸ್ತಕ ಸಿದ್ಧವಾಯಿತು. ಜಮೀನಿನ ತುಂಡಿಗೆ ಒಂದು ಸಂಖ್ಯೆ, ದನದ ಕೊಟ್ಟಿಗೆಗೆ ಒಂದು ಸಂಖ್ಯೆ, ವ್ಯಾಪಾರ ಸಂಸ್ಥೆಗೆ ಒಂದು ಸಂಖ್ಯೆ. ಇಷ್ಟೆಲ್ಲ ಇದ್ದರೂ ಪುಸ್ತಕಗಳು ಬೇರೆ ಬೇರೆ ಕಚೇರಿಗಳ ಕಪಾಟಿನಲ್ಲಿದ್ದವು, ನಕ್ಷೆಗಳನ್ನು ಕಚೇರಿಗಳು ಹಣಕ್ಕೆ ಮಾರುತ್ತಿದ್ದವು. ಒಂದು ಸರ್ಕಾರಿ ಕಚೇರಿಯೇ ಇನ್ನೊಂದು ಸರ್ಕಾರಿ ಕಚೇರಿಗೆ ದುಡ್ಡು ಕೊಟ್ಟು ನಕ್ಷೆ ಕೊಳ್ಳುವ ಪರಿಸ್ಥಿತಿ. ಎಡಜೇಬಿನಿಂದ ಬಲಜೇಬಿಗೆ ಹಣ ಹೋಗುವಾಗ ನಡುವೆ ಗುಮಾಸ್ತೆಯ ಸಂಬಳ ಕಳೆದುಹೋಗುವುದು ಎಲ್ಲ ದೇಶದಲ್ಲಿಯೂ ಒಂದೇ ರೀತಿ.

ಬದಲಾವಣೆ ಆರಂಭವಾದದ್ದು ಎಲ್ಲಕ್ಕಿಂತ ಸಪ್ಪೆಯಾದ ಒಂದು ದಾಖಲೆಯಿಂದ, ಎಂದರೆ ವಿಳಾಸದ ಪಟ್ಟಿಯಿಂದ. ಬೀದಿಯ ಹೆಸರು, ಮನೆಯ ಸಂಖ್ಯೆ, ಅದು ಭೂಪಟದ ಮೇಲೆ ಎಲ್ಲಿದೆ ಎಂಬ ಬಿಂದು, ಇಷ್ಟೇ. 2002ರ ಒಪ್ಪಂದದ ಪ್ರಕಾರ ದೇಶದ ಅಧಿಕೃತ ವಿಳಾಸಗಳನ್ನು ಶುಲ್ಕವಿಲ್ಲದೆ ಎಲ್ಲರಿಗೂ ಕೊಡಲು ನಿರ್ಧರಿಸಲಾಯಿತು. ಕೆಲವು ವರ್ಷಗಳ ನಂತರ ಸರ್ಕಾರವು ಇದರ ಲಾಭನಷ್ಟವನ್ನು ಲೆಕ್ಕ ಹಾಕಿಸಿತು. 2009ರವರೆಗೆ ಇದಕ್ಕೆ ತಗುಲಿದ ವೆಚ್ಚ ಸುಮಾರು 20 ಲಕ್ಷ ಯೂರೋ. 2005ರಿಂದ 2009ರವರೆಗಿನ ಐದು ವರ್ಷಗಳಲ್ಲಿ ದೇಶಕ್ಕೆ ಬಂದ ನೇರ ಹಣಕಾಸಿನ ಲಾಭ ಸುಮಾರು 6 ಕೋಟಿ 20 ಲಕ್ಷ ಯೂರೋ ಎಂದು ಕಂಡುಬಂದಿತು.

ಈ ಲಾಭ ಎಲ್ಲಿಂದ ಬಂತು ಎಂಬುದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಗುಟ್ಟೆಲ್ಲ ಅಲ್ಲಿದೆ. ಪಟ್ಟಿ ಮಾರಾಟಕ್ಕಿದ್ದಾಗ ಅದನ್ನು ಕೊಳ್ಳಲಾಗದವರು, ಕೊಳ್ಳಲು ಮನಸ್ಸಿಲ್ಲದವರು ತಮ್ಮದೇ ಪಟ್ಟಿ ಮಾಡಿಕೊಳ್ಳುತ್ತಾರೆ. ಹತ್ತು ಪಟ್ಟಿಗಳಾದರೆ ಹತ್ತರಲ್ಲಿಯೂ ಬೇರೆ ಬೇರೆ ತಪ್ಪು. ಆಂಬ್ಯುಲೆನ್ಸಿನವನ ಪಟ್ಟಿಯಲ್ಲಿ ಇರುವ ತೋಟದ ಮನೆ ಗೊಬ್ಬರದ ಲಾರಿಯವನ ಪಟ್ಟಿಯಲ್ಲಿ ಇರುವುದಿಲ್ಲ. ಒಂದೇ ಪಟ್ಟಿ ಎಲ್ಲರಿಗೂ ಬಿಟ್ಟಿಯಾಗಿ ದೊರೆತ ಕೂಡಲೇ ತಮ್ಮ ಪಟ್ಟಿಯನ್ನು ಕಾಪಾಡಿಕೊಳ್ಳುವ ಖರ್ಚು ಎಲ್ಲರಿಗೂ ಉಳಿಯಿತು. ಅಲ್ಲದೆ ಎಲ್ಲರೂ ಅದೊಂದನ್ನೇ ಬಳಸುವುದರಿಂದ ತಪ್ಪು ಕಂಡವನು ದೂರು ಕೊಡುತ್ತಾನೆ, ತಿದ್ದುಪಡಿ ಒಂದೇ ಕಡೆ ಆಗುತ್ತದೆ. ಬಳಸಿದಷ್ಟೂ ಹರಿತವಾಗುವ ಕುಡುಗೋಲು ಜಗತ್ತಿನಲ್ಲಿ ಇಲ್ಲ. ಆದರೆ ಬಳಸಿದಷ್ಟೂ ಶುದ್ಧವಾಗುವ ದಾಖಲೆ ಉಂಟು.

ಈ ಅನುಭವದ ಮೇಲೆ 2012ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವೂ ಸ್ಥಳೀಯ ಸಂಸ್ಥೆಗಳೂ ಸೇರಿ ‘ಮೂಲ ದತ್ತಾಂಶ’ ಎಂಬ ದೊಡ್ಡ ಕಾರ್ಯಕ್ರಮವನ್ನು ಒಪ್ಪಿಕೊಂಡವು. 2013ರ ಆರಂಭದಿಂದ ಭೂನಕ್ಷೆಗಳು, ಎತ್ತರ ತಗ್ಗಿನ ಮಾದರಿ, ಜಮೀನಿನ ಎಲ್ಲೆಗಳು ಮೊದಲಾದವು ಬಿಟ್ಟಿಯಾದವು. ಎಲ್ಲವೂ ಪೂರ್ಣವಾದಾಗ ವರ್ಷಕ್ಕೆ 80 ಕೋಟಿ ಡೇನಿಷ್ ಕ್ರೋನರ್ ಲಾಭ ಬರಬಹುದೆಂದು ಅಂದಾಜು ಮಾಡಲಾಗಿತ್ತು. ಅಂದಾಜು ಅಂದಾಜೇ, ಅದನ್ನು ಫಸಲೆಂದು ತಿಳಿಯಬಾರದು. ಏಕೆಂದರೆ ಎಲ್ಲ ಪುಸ್ತಕಗಳನ್ನೂ ಒಂದೇ ಕಿಟಕಿಯಿಂದ ಹಂಚುವ ಯಂತ್ರ ವ್ಯವಸ್ಥೆ ಗೊತ್ತುಮಾಡಿದ ಗಡುವಿಗೆ ಸಿದ್ಧವಾಗಲಿಲ್ಲ, ಕೆಲಸ ಹಲವು ವರ್ಷ ಎಳೆಯಿತು. ಸಣ್ಣ ದೇಶ, ಸಾಕಷ್ಟು ಹಣ, ಓದುಬರಹ ಬಲ್ಲ ಜನ ಎಲ್ಲವೂ ಇದ್ದು ಹೀಗಾಯಿತೆಂಬುದನ್ನು ಯೋಜನೆ ರೂಪಿಸುವವರು ಗಮನಿಸತಕ್ಕದ್ದು.

ಈ ಒಪ್ಪಂದದಲ್ಲಿ ಮೆಚ್ಚತಕ್ಕ ಅಂಶವೆಂದರೆ ನಕ್ಷೆ ಮಾರಿ ಬದುಕುತ್ತಿದ್ದ ಕಚೇರಿಗಳಿಗೆ ತಪ್ಪಿಹೋದ ಆದಾಯವನ್ನು ಬೇರೆ ಬಾಬಿನಿಂದ ತುಂಬಿಕೊಟ್ಟದ್ದು. ಇದನ್ನು ಮಾಡದೆ ‘ನಾಳೆಯಿಂದ ಎಲ್ಲ ಬಿಟ್ಟಿ’ ಎಂದು ಆಜ್ಞೆ ಹೊರಡಿಸಿದ್ದರೆ ಕಚೇರಿಗಳು ನಕ್ಷೆಯನ್ನು ಪರಿಷ್ಕರಿಸುವುದನ್ನೇ ನಿಲ್ಲಿಸುತ್ತಿದ್ದವು. ಹಸುವಿಗೆ ಮೇವು ಹಾಕದೆ ಹಾಲು ಹಂಚಲಾಗದು. ಇನ್ನೊಂದು ನಿಯಮ, ಒಂದು ವಿಷಯಕ್ಕೆ ಒಬ್ಬನೇ ಯಜಮಾನ ಎಂಬುದು. ವಿಳಾಸ ಕೊಡುವುದು ಸ್ಥಳೀಯ ಸಂಸ್ಥೆಯ ಕೆಲಸವಾದರೆ ಬೇರೆ ಯಾವ ಕಚೇರಿಯೂ ವಿಳಾಸ ಬರೆದುಕೊಳ್ಳತಕ್ಕದ್ದಲ್ಲ, ಅಲ್ಲಿಂದಲೇ ತೆಗೆದುಕೊಳ್ಳಬೇಕು. ಇದೇ ತತ್ವದ ಮೇಲೆ ಜನಸಂಖ್ಯೆಯಲ್ಲಿ ಇನ್ನೂ ಚಿಕ್ಕದಾದ ಎಸ್ಟೋನಿಯಾ ದೇಶವು 2001ರಿಂದ ತನ್ನ ಕಚೇರಿಗಳ ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸಿದೆ. ಸಣ್ಣ ದೇಶಗಳು ಈ ಕೆಲಸದಲ್ಲಿ ಮುಂದಾಗಲು ಕಾರಣವೂ ಇಲ್ಲಿಯೇ ಇದೆ: ಒಂದೇ ಕೆಲಸವನ್ನು ಐದು ಸಲ ಮಾಡಲು ಅವರಲ್ಲಿ ಸಾಕಷ್ಟು ಆಳುಗಳಿಲ್ಲ.

ಹೊಲಕ್ಕೆ ಏನು ಬಂತು?

ವಿಳಾಸದಿಂದ ರೈತನಿಗೇನು ಎಂದು ಕೇಳುವವರಿಗೆ ಕೊಳವೆ ಬಾವಿಯ ಉದಾಹರಣೆಯೇ ಸಾಕು. ಡೆನ್ಮಾರ್ಕಿನಲ್ಲಿ ಕುಡಿಯುವ ನೀರು ಬಹುತೇಕ ಪೂರ್ತಿಯಾಗಿ ಅಂತರ್ಜಲ. 1926ರ ಕಾನೂನಿನ ಪ್ರಕಾರ ಬಾವಿ ಕೊರೆಯುವವನು ಆ ಕೊರೆತದ ವರದಿಯನ್ನು ದೇಶದ ಭೂವಿಜ್ಞಾನ ಸಂಸ್ಥೆಗೆ ಕಳುಹಿಸಿಕೊಡಬೇಕು. ಎಲ್ಲಿ ಕೊರೆದದ್ದು, ಎಷ್ಟು ಆಳ, ಯಾವ ಆಳದಲ್ಲಿ ಮರಳು, ಯಾವ ಆಳದಲ್ಲಿ ಜೇಡಿ, ಎಲ್ಲಿ ಸುಣ್ಣಕಲ್ಲು, ನೀರಿನ ಮಟ್ಟ ಎಷ್ಟಕ್ಕೆ ನಿಂತಿತು ಎಂಬ ವಿವರ ಅದರಲ್ಲಿರಬೇಕು. ಸುಮಾರು ನೂರು ವರ್ಷಗಳಿಂದ ಹೀಗೆ ಕೂಡಿಬಂದ ದಾಖಲೆಗಳೆಲ್ಲ ಈಗ ‘ಜೂಪಿಟರ್’ ಎಂಬ ಹೆಸರಿನ ಒಂದೇ ಕಣಜದಲ್ಲಿವೆ. ಎರಡೂವರೆ ಲಕ್ಷಕ್ಕೂ ಹೆಚ್ಚು ಕೊರೆತಗಳ ವಿವರ ಅಲ್ಲಿ ಸಿಗುತ್ತದೆ, ಅನೇಕ ಬಾವಿಗಳ ನೀರಿನ ರಾಸಾಯನಿಕ ಪರೀಕ್ಷೆಯ ಫಲಿತಾಂಶವೂ ಇದೆ. ಭೂಪಟದ ಮೇಲೆ ಬೇಕಾದ ಕಡೆ ಬೆರಳಿಟ್ಟರೆ ಸುತ್ತಲಿನ ಬಾವಿಗಳ ಜಾತಕ ತೆರೆದುಕೊಳ್ಳುತ್ತದೆ. ಗಾಡಿಯವನ ಗುಟ್ಟು ಅಲ್ಲಿ ಊರಿನ ಆಸ್ತಿಯಾಗಿದೆ.

ಮಣ್ಣಿನ ವಿಚಾರ ಇನ್ನೊಂದು. 1970ರ ದಶಕದ ಮಧ್ಯದಲ್ಲಿ ಆ ದೇಶದ ಸಾಗುವಳಿ ನೆಲದಿಂದ ಸುಮಾರು 36,000 ಮೇಲ್ಮಣ್ಣಿನ ಮಾದರಿಗಳನ್ನು ತೆಗೆದು ಮಣ್ಣಿನ ವರ್ಗೀಕರಣ ಮಾಡಲಾಯಿತು. ಒರಟು ಮರಳಿಗೆ 1, ಅಲ್ಲಿಂದ ಮುಂದೆ ಜೇಡಿಯ ಪ್ರಮಾಣ ಏರಿದಂತೆ ಹೆಚ್ಚಿನ ಸಂಖ್ಯೆ. ಇಂದಿಗೂ ಯಾವ ಹೊಲದ ಯಾವ ಬೆಳೆಗೆ ಎಷ್ಟು ಸಾರಜನಕ ಎಂಬ ಶಿಫಾರಸು ಈ ಸಂಖ್ಯೆಯನ್ನು ನೋಡಿಯೇ ಬರುತ್ತದೆ. ಮರಳು ನೆಲ ನೀರನ್ನೂ ಗೊಬ್ಬರವನ್ನೂ ಹಿಡಿದಿಡಲಾರದು. ಅದಕ್ಕೊಂದು ಲೆಕ್ಕ, ಜೇಡಿ ನೆಲಕ್ಕೊಂದು ಲೆಕ್ಕ.

ಎತ್ತರ ತಗ್ಗಿನ ಮಾದರಿಯನ್ನು ವಿಮಾನದಿಂದ ಲೇಸರ್ ಕಿರಣ ಬಿಟ್ಟು ಅಳೆದಿದ್ದಾರೆ. ಒಂದು ಚದರ ಮೀಟರು ನೆಲಕ್ಕೆ ನಾಲ್ಕೈದು ಅಳತೆಗಳು. ಮಳೆನೀರು ಹೊಲದ ಯಾವ ಮೂಲೆಯಲ್ಲಿ ನಿಲ್ಲುವುದು, ಬಸಿಗಾಲುವೆ ಎತ್ತ ತೆಗೆಯಬೇಕು ಎಂಬುದನ್ನು ಮನೆಯಲ್ಲಿ ಕುಳಿತು ನೋಡಿಕೊಳ್ಳಬಹುದು. 2011ರ ಜುಲೈ 2ರಂದು ಕೋಪನ್‌ಹೇಗನ್ ನಗರದ ಮೇಲೆ ಮೋಡ ಒಡೆದಂತೆ ಮಳೆ ಸುರಿದು ಅಪಾರ ನಷ್ಟವಾದ ಮೇಲೆ ಇಂಥ ನಕ್ಷೆಯ ಬೆಲೆ ಪಟ್ಟಣದವರಿಗೂ ತಿಳಿಯಿತು. ಹವಾಮಾನ ಸಂಸ್ಥೆಯು ತನ್ನ ಅಳತೆಗಳನ್ನು ಬಿಟ್ಟಿಯಾಗಿ ಕೊಡತೊಡಗಿದ್ದು ಮಾತ್ರ ತಡವಾಗಿ, 2019ರ ನಂತರ ಹಂತ ಹಂತವಾಗಿ.

ಇದಲ್ಲದೆ ಪ್ರತಿವರ್ಷವೂ ರೈತರು ಸಹಾಯಧನಕ್ಕಾಗಿ ಸಲ್ಲಿಸುವ ಅರ್ಜಿಯಲ್ಲಿ ತೋರಿಸಿದ ಹೊಲಗಳ ನಕ್ಷೆ ಮತ್ತು ಬೆಳೆಯ ಹೆಸರು ಸಾರ್ವಜನಿಕವಾಗಿ ದೊರೆಯುತ್ತವೆ. ಆದರೆ ಇಳುವರಿ ಎಷ್ಟು, ಖರ್ಚು ಎಷ್ಟು, ಮಾರಿದ ಬೆಲೆ ಎಷ್ಟು ಎಂಬುದು ಆ ನಕ್ಷೆಯಲ್ಲಿಲ್ಲ. ಹಸುವಾರು ಹಾಲಿನ ಲೆಕ್ಕವನ್ನು ರೈತರ ಸಂಘಟನೆಯೇ ತನ್ನ ಕೈಯಲ್ಲಿ ಇಟ್ಟುಕೊಂಡಿದೆ. 1895ರ ಪುಸ್ತಕದ ಯಜಮಾನಿಕೆಯನ್ನು ಅವರು ಬಿಟ್ಟುಕೊಟ್ಟಿಲ್ಲ.

ಲೆಕ್ಕ ರೈತನ ಮೇಲೆಯೇ ತಿರುಗಿದಾಗ

ಇಲ್ಲಿಯವರೆಗೆ ಕೇಳಿದ್ದು ಸಿಹಿ. ಇನ್ನೊಂದು ಮಗ್ಗುಲನ್ನು ಮುಚ್ಚಿಡುವುದು ಸರಿಯಲ್ಲ.

1986ರಲ್ಲಿ ಡೆನ್ಮಾರ್ಕಿನ ಕಟ್ಟೆಗಟ್ ಸಮುದ್ರದಲ್ಲಿ ಆಮ್ಲಜನಕ ತೀರಿ ಸತ್ತ ಸಿಗಡಿ ಜಾತಿಯ ಲಾಬ್‌ಸ್ಟರ್‌ಗಳನ್ನು ದೂರದರ್ಶನದಲ್ಲಿ ಕಂಡು ಜನ ಗಾಬರಿಯಾದರು. ಹೊಲಗಳಿಂದ ಹರಿದುಹೋದ ಸಾರಜನಕ ಇದಕ್ಕೆ ಮುಖ್ಯ ಕಾರಣವೆಂದು ತಿಳಿಯಿತು. 1987ರಲ್ಲಿ ಜಲ ಪರಿಸರದ ಮೊದಲ ಯೋಜನೆ ಬಂತು. ಕ್ರಮೇಣ ಪ್ರತಿಯೊಬ್ಬ ರೈತನೂ ಗೊಬ್ಬರದ ಲೆಕ್ಕ ಒಪ್ಪಿಸಬೇಕಾಯಿತು: ಕೊಂಡ ಗೊಬ್ಬರ ಎಷ್ಟು, ಕೊಟ್ಟಿಗೆಯದು ಎಷ್ಟು, ಯಾವ ಬೆಳೆಗೆ ಎಷ್ಟು. 1998ರ ಎರಡನೆಯ ಯೋಜನೆಯಲ್ಲಿ ಆರ್ಥಿಕವಾಗಿ ಲಾಭದಾಯಕವಾದ ಪ್ರಮಾಣಕ್ಕಿಂತ ನೂರಕ್ಕೆ 10ರಷ್ಟು ಕಡಿಮೆ ಸಾರಜನಕವನ್ನೇ ಹಾಕಬೇಕೆಂದು ಕಟ್ಟು ಮಾಡಲಾಯಿತು. ಹೊಲದಿಂದ ಬಸಿದುಹೋಗುವ ಸಾರಜನಕ 1980ರ ದಶಕದ ಮಟ್ಟದ ಸುಮಾರು ಅರ್ಧಕ್ಕೆ ಇಳಿಯಿತು. ಅದೇ ವೇಳೆಗೆ ಗೋಧಿಯಲ್ಲಿ ಸಸಾರಜನಕದ ಅಂಶವೂ ಇಳಿಯಿತೆಂದು ರೈತರು ದೂರಿದರು. ಬೇಸಾಯಶಾಸ್ತ್ರದ ದೃಷ್ಟಿಯಿಂದ ಆ ದೂರಿನಲ್ಲಿ ಹುರುಳಿತ್ತು. ಬೆಳೆಗೆ ಹಸಿವಿದ್ದರೆ ಕಾಳಿನಲ್ಲಿ ಅದು ಕಾಣಲೇಬೇಕು.

2015ರ ಕೊನೆಯಲ್ಲಿ ಅಲ್ಲಿನ ಸರ್ಕಾರವು ಈ ಕಟ್ಟನ್ನು ಸಡಿಲಿಸುವ ಹೊಸ ಕಾರ್ಯಕ್ರಮವನ್ನು ತಂದಿತು. ಇದರಿಂದ ನೀರಿಗೆ ಹಾನಿಯಿಲ್ಲ, ಲಾಭವೇ ಇದೆ ಎಂಬರ್ಥ ಬರುವಂತೆ ಅಂಕಿಗಳನ್ನು ಮುಂದಿಡಲಾಗಿತ್ತು. ವಿಜ್ಞಾನಿಗಳು ಆ ಲೆಕ್ಕವನ್ನು ಬಿಡಿಸಿ ನೋಡಿ, ಅಂಕಿಗಳನ್ನು ಜೋಡಿಸಿದ ರೀತಿ ಸರಿಯಿಲ್ಲವೆಂದು ಬಹಿರಂಗವಾಗಿ ಹೇಳಿದರು. ಗದ್ದಲ ಬೆಳೆದು 2016ರ ಫೆಬ್ರವರಿಯಲ್ಲಿ ಆಹಾರ ಮತ್ತು ಪರಿಸರ ಸಚಿವೆ ಇವಾ ಕೇರ್ ಹಾನ್ಸೆನ್ ರಾಜೀನಾಮೆ ಕೊಡಬೇಕಾಯಿತು. ಗೊಬ್ಬರದ ಕಟ್ಟು ಸಡಿಲವಾದದ್ದು ಹಾಗೆಯೇ ಉಳಿಯಿತು. ಇದರಿಂದ ತಿಳಿದುಬರುವುದೇನೆಂದರೆ, ಹೊರಗಿನವರು ಪರಿಶೀಲಿಸಬಲ್ಲ ಅಂಕಿಗಳಿದ್ದಲ್ಲಿ ಸುಳ್ಳಲ್ಲದ ಸುಳ್ಳನ್ನೂ ಹೆಚ್ಚು ಕಾಲ ನಡೆಸಲಾಗದು. ಅದು ರೈತನ ಪರವಾಗಿರಲಿ, ವಿರುದ್ಧವಾಗಿರಲಿ.

2024ರಲ್ಲಿ ಆದ ಒಪ್ಪಂದ ಇನ್ನೂ ದೊಡ್ಡದು. 2030ರಿಂದ ಜಾನುವಾರುಗಳಿಂದ ಹೊರಬೀಳುವ ಅನಿಲಗಳ ಮೇಲೆ ತೆರಿಗೆ ಹಾಕುವುದು, ಎರಡೂವರೆ ಲಕ್ಷ ಹೆಕ್ಟೇರು ಹೊಸದಾಗಿ ಕಾಡು ಬೆಳೆಸುವುದು, 1 ಲಕ್ಷ 40 ಸಾವಿರ ಹೆಕ್ಟೇರು ತಗ್ಗುಪ್ರದೇಶದ ಜವುಗು ಮಣ್ಣಿನ ಸಾಗುವಳಿ ನಿಲ್ಲಿಸುವುದು ಇದರ ಗುರಿ. ಯಾರ ಹೊಲ ಜವುಗಿನ ಪಟ್ಟಿಗೆ ಸೇರುತ್ತದೆ ಎಂಬುದನ್ನು ತೋರಿಸುವುದು ಆ ಮಣ್ಣಿನ ನಕ್ಷೆಯೇ, ಆ ಎತ್ತರ ತಗ್ಗಿನ ಮಾದರಿಯೇ. ಬಸಿಗಾಲುವೆ ತೆಗೆಯಲು ನೆರವಾದ ನಕ್ಷೆ ಈಗ ಆ ಕಾಲುವೆ ಮುಚ್ಚಬೇಕಾದ ಹೊಲವನ್ನೂ ತೋರಿಸುತ್ತಿದೆ. ಅದೇ ನಕ್ಷೆ ರೈತನ ಕೈಯಲ್ಲಿಯೂ ಇರುವುದರಿಂದ ‘ನನ್ನ ಹೊಲದ ಈ ಮೂಲೆ ಜವುಗಲ್ಲ, ಇಲ್ಲಿ ಅಳತೆ ತಪ್ಪಿದೆ’ ಎಂದು ವಾದಿಸಲು ಆತನಿಗೂ ಆಧಾರವಿದೆ. ನಕ್ಷೆ ಕಚೇರಿಯ ಕಪಾಟಿನಲ್ಲಿಯೇ ಇದ್ದಿದ್ದರೆ ತೀರ್ಮಾನ ಬಂದೇ ಬರುತ್ತಿತ್ತು, ವಾದಿಸಲು ಮಾತ್ರ ಏನೂ ಇರುತ್ತಿರಲಿಲ್ಲ.

ಇನ್ನು ಹೆಸರಿನ ಪ್ರಶ್ನೆ. ಯಾವ ರೈತನಿಗೆ ಎಷ್ಟು ಸಹಾಯಧನ ಹೋಯಿತೆಂಬ ಪಟ್ಟಿಯನ್ನು ಪತ್ರಕರ್ತರ ಒತ್ತಾಯದ ಮೇಲೆ ಡೆನ್ಮಾರ್ಕ್ 2004ರಲ್ಲಿ ಹೊರಗೆಡವಿತು. ಐರೋಪ್ಯ ಒಕ್ಕೂಟದ ಉಳಿದ ದೇಶಗಳೂ ಕ್ರಮೇಣ ಅದೇ ದಾರಿ ಹಿಡಿದವು. ಜರ್ಮನಿಯ ರೈತರು ನ್ಯಾಯಾಲಯಕ್ಕೆ ಹೋದರು. 2010ರ ನವೆಂಬರಿನಲ್ಲಿ ಐರೋಪ್ಯ ನ್ಯಾಯಾಲಯವು ಹಣ ಎಷ್ಟೇ ಇರಲಿ, ಎಲ್ಲ ವ್ಯಕ್ತಿಗಳ ಹೆಸರನ್ನೂ ಒಂದೇ ರೀತಿ ಪ್ರಕಟಿಸುವುದು ಖಾಸಗಿ ಬದುಕಿನ ಹಕ್ಕಿಗೆ ಮೀರಿದ್ದು ಎಂದು ತೀರ್ಪು ಕೊಟ್ಟಿತು. ಬಳಿಕ ನಿಯಮವನ್ನು ತಿದ್ದಿ, ಅತಿ ಸಣ್ಣ ಮೊತ್ತ ಪಡೆದವರ ಹೆಸರನ್ನು ಮರೆಮಾಡಿ ಉಳಿದವರದನ್ನು ಪ್ರಕಟಿಸುವ ಏರ್ಪಾಡು ಮಾಡಲಾಯಿತು. ಹಂದಿ ಸಾಕಣೆಯ ಕೊಟ್ಟಿಗೆಗಳಲ್ಲಿ ಔಷಧಿಗೆ ಬಗ್ಗದ ಒಂದು ಜಾತಿಯ ಬ್ಯಾಕ್ಟೀರಿಯಾ ಕಂಡುಬಂದಾಗಲೂ ಆ ಕೊಟ್ಟಿಗೆಗಳ ಹೆಸರು ಹೇಳಬೇಕೋ ಬೇಡವೋ ಎಂಬ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. ರೈತನಿಗೆ ತನ್ನ ಹೆಸರು, ಪಕ್ಕದವನಿಗೆ ತನ್ನ ಆರೋಗ್ಯ. ಎರಡೂ ಸಣ್ಣ ಮಾತುಗಳಲ್ಲ.

ಕಾವಲು ತಪ್ಪಿದ ಪ್ರಸಂಗಗಳೂ ಇವೆ. 2014ರಲ್ಲಿ ಸುಮಾರು 9 ಲಕ್ಷ ಜನರ ವೈಯಕ್ತಿಕ ಸಂಖ್ಯೆಗಳು ತಪ್ಪಿನಿಂದಾಗಿ ಅಂತರಜಾಲದಲ್ಲಿ ಕೆಲಹೊತ್ತು ಬಯಲಾದವು. ವ್ಯಕ್ತಿಯ ಸಂಖ್ಯೆಯೊಂದನ್ನೇ ಎಲ್ಲ ಬೀಗಗಳಿಗೂ ಕೀಲಿಯಾಗಿಟ್ಟರೆ ಇಂಥ ಅಪಾಯ ಇದ್ದದ್ದೇ. ನೆಲದ ಸಂಖ್ಯೆಯನ್ನು ಕೀಲಿಯಾಗಿಟ್ಟರೆ ಅಪಾಯ ಕಡಿಮೆ.

ಇಲ್ಲಿಯ ಸಂಗತಿ

ಕರ್ನಾಟಕದಲ್ಲಿ ಈ ದಿಕ್ಕಿನ ಕೆಲಸ ಆಗಿಲ್ಲವೆಂದು ಹೇಳುವಂತಿಲ್ಲ. ಸರ್ವೆ ನಂಬರು ಎಂಬ ನೂರೈವತ್ತು ವರ್ಷದ ಕೀಲಿ ಇದೆ. ‘ಭೂಮಿ’ ಯೋಜನೆಯಿಂದ ಪಹಣಿಗಳು 2000ದ ಆಸುಪಾಸಿನಲ್ಲಿಯೇ ಗಣಕಯಂತ್ರಕ್ಕೆ ಏರಿದವು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯತಿ ಮಟ್ಟದವರೆಗೂ ಬಂದಿವೆ. ಸುಜಲಾ ಯೋಜನೆಯ ಮೂರನೆಯ ಹಂತದಲ್ಲಿ ಕೃಷಿ ವಿಶ್ವವಿದ್ಯಾನಿಲಯಗಳೂ ಸೇರಿ ಸರ್ವೆ ನಂಬರುವಾರು ಭೂಸಂಪನ್ಮೂಲದ ವಿವರಗಳನ್ನು ಸಿದ್ಧಪಡಿಸಿವೆ. 2011ರ ಅಂತರ್ಜಲ ಕಾಯ್ದೆ ಇದೆ. ಕೇಂದ್ರ ಸರ್ಕಾರದ ದತ್ತಾಂಶ ಹಂಚಿಕೆ ನೀತಿ 2012ರಲ್ಲಿಯೇ ಬಂದಿದೆ, ಎಂದರೆ ಡೆನ್ಮಾರ್ಕಿನ ಮೂಲ ದತ್ತಾಂಶ ಒಪ್ಪಂದವಾದ ವರ್ಷವೇ.

ಕೊರತೆ ಇರುವುದು ಪುಸ್ತಕಗಳ ಸಂಖ್ಯೆಯಲ್ಲಿ ಅಲ್ಲ, ಅವುಗಳ ನಡುವಿನ ಹೊಲಿಗೆಯಲ್ಲಿ. ಒಂದರಲ್ಲಿ ಎಕರೆ-ಗುಂಟೆ, ಇನ್ನೊಂದರಲ್ಲಿ ಹೆಕ್ಟೇರು. ಒಂದರಲ್ಲಿ ಹಿಸ್ಸಾ ನಂಬರು ಇದೆ, ಇನ್ನೊಂದರಲ್ಲಿ ಇಲ್ಲ. ಒಂದು ಊರಿನ ಹೆಸರು ಮೂರು ಕಡೆ ಮೂರು ರೀತಿ. ಇಷ್ಟನ್ನು ಸರಿಪಡಿಸಲು ಉಪಗ್ರಹ ಬೇಕಿಲ್ಲ. ವಿಸ್ತರಣಾ ಕಾರ್ಯಕರ್ತರು ತಾವು ಬರೆಯುವ ಪ್ರತಿಯೊಂದು ಪ್ರಾತ್ಯಕ್ಷಿಕೆಯ ವರದಿಯಲ್ಲಿಯೂ, ಮಣ್ಣಿನ ಮಾದರಿಯ ಚೀಟಿಯಲ್ಲಿಯೂ ಸರ್ವೆ ನಂಬರು, ಹಿಸ್ಸಾ, ತಾರೀಖು, ಅಳತೆಯ ಮಾನ ಈ ನಾಲ್ಕನ್ನು ಬಿಡದೆ ಬರೆದರೆ ಹತ್ತು ವರ್ಷದ ನಂತರವೂ ಆ ಚೀಟಿಗೆ ಬೆಲೆ ಇರುತ್ತದೆ. ‘ಗುಡ್ಡದ ಹತ್ತಿರದ ಹೊಲ’ ಎಂದು ಬರೆದದ್ದಕ್ಕೆ ಆ ವರ್ಷ ಮಾತ್ರ ಬೆಲೆ.

ಕೊಳವೆ ಬಾವಿಯ ಪುಸ್ತಕವನ್ನು ಒಂದು ಹಾಲಿನ ಸಂಘವೋ ರೈತ ಕೂಟವೋ ಈ ಬೇಸಿಗೆಯಲ್ಲಿಯೇ ತೆರೆಯಬಹುದು. ಇದಕ್ಕೆ ಕಾಲಂಗಳು ಹೆಚ್ಚು ಬೇಡ. ಸರ್ವೆ ನಂಬರು, ಕೊರೆದ ತಾರೀಖು, ಒಟ್ಟು ಆಳ, ಮೆದುಮಣ್ಣು ಮುಗಿದು ಕಲ್ಲು ಸಿಕ್ಕ ಆಳ, ಕೇಸಿಂಗ್ ಇಳಿಸಿದ್ದು ಎಷ್ಟು ಅಡಿ, ನೀರು ಮೊದಲು ಕಂಡ ಆಳ, ಎಷ್ಟು ಇಂಚು ನೀರು, ಪಂಪು ಇಳಿಸಿದ ಆಳ, ನೀರು ನಿಂತುಹೋದರೆ ನಿಂತ ತಿಂಗಳು. ಗಾಡಿ ಹೊಲದಲ್ಲಿ ನಿಂತಿರುವಾಗಲೇ ಬರೆದುಕೊಳ್ಳಬೇಕು. ಮರುದಿನ ಕೇಳಿದರೆ ಐವತ್ತು ಅಡಿ ಹೆಚ್ಚು ಕಡಿಮೆಯಾಗುತ್ತದೆ. ರೈತನ ಹೆಸರು, ಸಾಲದ ವಿವರ ಬರೆಯುವುದು ಬೇಡ. ನೀರು ಬೀಳದ ಬಾವಿಗಳನ್ನು ಬರೆಯಲು ಜನ ಹಿಂಜರಿಯುವರು, ನಾಚಿಕೆಯೂ ಪಡುವರು. ಅವುಗಳನ್ನು ಬಿಟ್ಟು ನೀರು ಬಿದ್ದವುಗಳನ್ನಷ್ಟೇ ಬರೆದರೆ ಆ ಪುಸ್ತಕವನ್ನು ನೋಡಿ ಕೊರೆಸಿದವನು ಮುಳುಗುತ್ತಾನೆ. ಆದುದರಿಂದ ಬರಿದಾದ ಬಾವಿಗೂ ಅದೇ ಪುಟದಲ್ಲಿ, ಅದೇ ಶಾಯಿಯಲ್ಲಿ, ಆಳದ ಸಮೇತ ಒಂದು ಸಾಲು ಇರತಕ್ಕದ್ದು.